ಪ್ರಣಯ ಕಥಾಚಿತ್ರ

ಇಬ್ಬರ ಪ್ರೀತಿಯನ್ನೇ ಕಥೆಯ ಮುಖ್ಯ ಎಳೆಯಾಗಿಸಿಕೊಂಡು, ಆ ಪ್ರೀತಿಗೆ ಎದುರಾಗುವ ಅಡ್ಡಿಯನ್ನು ಗಂಭೀರವಾಗಿ ನಿರೂಪಿಸುವ ಚಲನಚಿತ್ರಗಳಿಗೆ ಪ್ರಣಯ ಕಥಾಚಿತ್ರಗಳೆಂದು ಹೆಸರು. ಭಾರತದ ಬಹುಪಾಲು ಚಿತ್ರಗಳಲ್ಲಿ, ಕಥೆ ಸೇಡಿನದಾಗಿರಲಿ, ಭಕ್ತಿಯದಾಗಿರಲಿ, ನಾಯಕ ನಾಯಕಿಯರ ಪ್ರೇಮಕ್ಕೆ ಒಂದಿಷ್ಟು ಜಾಗ ಇದ್ದೇ ಇರುತ್ತದೆಯಾದ್ದರಿಂದ, ಪ್ರೇಮವನ್ನು ತೆಗೆದರೆ ಕಥೆಯೇ ಉಳಿಯದಂತಹ ಚಿತ್ರಗಳನ್ನು ಮಾತ್ರ ಈ ಪ್ರಕಾರಕ್ಕೆ ಸೇರಿಸುವುದು ಉಚಿತ. ಪ್ರಣಯಪ್ರಧಾನ ಹಾಸ್ಯಚಿತ್ರದಲ್ಲಿ ಅಡ್ಡಿ ಕೊನೆಗೆ ಕರಗಿಯೇ ಕರಗುತ್ತದೆಂಬುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಆ ಖಾತರಿ ಇರುವುದಿಲ್ಲ.

ಈ ಪ್ರಕಾರದ ಆಕರ್ಷಣೆಯನ್ನು ವಿವರಿಸಲು ಭಾರತೀಯ ಕಾವ್ಯಮೀಮಾಂಸೆಯಲ್ಲಿ ಸಮರ್ಥವಾದ ಪರಿಭಾಷೆಯೇ ಇದೆ. ಶೃಂಗಾರ ರಸವನ್ನು ಲಾಕ್ಷಣಿಕರು ಸಂಭೋಗ ಮತ್ತು ವಿಪ್ರಲಂಭ, ಅಂದರೆ ಪ್ರೇಮಿಗಳ ಕೂಡುವಿಕೆ ಮತ್ತು ಅಗಲಿಕೆ, ಎಂದು ಎರಡಾಗಿ ವಿಂಗಡಿಸಿದ್ದಾರೆ. ಅಗಲಿದವರ ಅಳುವಿಗೂ ಸತ್ತವರಿಗಾಗಿ ಅಳುವ ಕರುಣ ರಸಕ್ಕೂ ಇರುವ ವ್ಯತ್ಯಾಸವನ್ನು ಭರತನ ನಾಟ್ಯಶಾಸ್ತ್ರ ಸ್ಪಷ್ಟವಾಗಿ ಗುರುತಿಸುತ್ತದೆ: ಕರುಣದಲ್ಲಿ ನಿರೀಕ್ಷೆ ಪೂರ್ತಿ ಬತ್ತಿಹೋಗಿರುತ್ತದೆ, ವಿಪ್ರಲಂಭದಲ್ಲಿ ಮತ್ತೆ ಸೇರುವ ನಿರೀಕ್ಷೆ ಇನ್ನೂ ಜೀವಂತವಾಗಿರುತ್ತದೆ. ಪ್ರಣಯ ಕಥಾಚಿತ್ರ ಪ್ರೇಕ್ಷಕರನ್ನು ಎರಡೂವರೆ ಗಂಟೆ ಹಿಡಿದು ಕೂರಿಸುವುದು ಈ ನಿರೀಕ್ಷೆಯ ಬಲದಿಂದಲೇ. ಕನ್ನಡದಲ್ಲಿ ಇದಕ್ಕೆ ಸಿನಿಮಾಕ್ಕಿಂತ ಬಹಳ ಹಳೆಯ ಪರಂಪರೆಯಿದೆ. 12ನೆಯ ಶತಮಾನದ ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಲ್ಲಿ ಕಂದರ್ಪದೇವನೂ ಲೀಲಾವತಿಯೂ ಒಬ್ಬರನ್ನೊಬ್ಬರು ಮೊದಲು ಕಾಣುವುದು ಕನಸಿನಲ್ಲಿ, ಕಾವ್ಯ ಬೆಳೆಯುವುದು ಅವರ ಹುಡುಕಾಟದಲ್ಲಿ.

ಜಗತ್ತಿನ ಬೇರೆಡೆಗಳಲ್ಲೂ ಈ ಪ್ರಕಾರ ತಡೆಹಿಡಿದ ಪ್ರೇಮವನ್ನೇ ಹೆಚ್ಚಾಗಿ ನೆಚ್ಚಿಕೊಂಡಿದೆ. ಡೇವಿಡ್ ಲೀನ್ ನಿರ್ದೇಶನದ 'ಬ್ರೀಫ್ ಎನ್‌ಕೌಂಟರ್' (1945) ಚಿತ್ರದಲ್ಲಿ, ಬೇರೆ ಬೇರೆ ಸಂಸಾರಗಳಿಗೆ ಸೇರಿದ ಇಬ್ಬರು ಮಧ್ಯವಯಸ್ಕರು ರೈಲು ನಿಲ್ದಾಣದಲ್ಲಿ ಭೇಟಿಯಾಗಿ, ಪ್ರೀತಿಸಿ, ಹಾಗೆಯೇ ಬೇರ್ಪಡುತ್ತಾರೆ. ಆಡಲಾರದ ಮಾತುಗಳ ಹೊಣೆಯನ್ನು ಅಲ್ಲಿ ರಾಖ್ಮನಿನೋವ್‌ನ ಪಿಯಾನೋ ಸಂಗೀತ ಹೊರುತ್ತದೆ. ಭಾರತದಲ್ಲಿ ಶರತ್‌ಚಂದ್ರ ಚಟ್ಟೋಪಾಧ್ಯಾಯರ 'ದೇವದಾಸ್' ಕಾದಂಬರಿ, 1935ರ ಪಿ.ಸಿ. ಬರುವಾ ಅವರ ಚಿತ್ರದ ನಂತರ, ಸೋತ ಪ್ರೇಮಿಯ ಮಾದರಿಯನ್ನೇ ಕಟ್ಟಿಕೊಟ್ಟಿತು. ಕನ್ನಡದ 'ಮುಂಗಾರು ಮಳೆ' (2006) ಚಿತ್ರದಲ್ಲಿ ನಾಯಕನ ಸಂಗಾತಿಯಾದ ಮೊಲಕ್ಕೆ ದೇವದಾಸ ಎಂದೇ ಹೆಸರಿಟ್ಟಿರುವುದು ಆ ಮಾದರಿ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಸಾಕ್ಷಿ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಪೌರಾಣಿಕ ಕಥೆಯದಾಗಿತ್ತು. ಆಮೇಲೂ ಬಹಳ ಕಾಲ ಪುರಾಣ, ಭಕ್ತಿ, ಇತಿಹಾಸಗಳೇ ಮೇಲುಗೈ ಪಡೆದಿದ್ದವು. ಸಮಕಾಲೀನ ಮಧ್ಯಮವರ್ಗದ ಪ್ರೇಮ ತೆರೆಗೆ ಬಂದದ್ದು ಮುಖ್ಯವಾಗಿ ಲೇಖಕಿಯರ ಕಾದಂಬರಿಗಳ ಮೂಲಕ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ಬೆಳ್ಳಿಮೋಡ' (1967) ಈ ದೃಷ್ಟಿಯಿಂದ ಅಡಿಗಲ್ಲಿನಂತಹ ಚಿತ್ರ. ಶ್ರೀಮಂತ ಮನೆಯ ಒಬ್ಬಳೇ ಮಗಳಾದ ಇಂದಿರೆಯನ್ನು ಮದುವೆಯಾಗಲು ಒಪ್ಪಿ, ಅವಳ ತಂದೆಯ ನೆರವು ಪಡೆದು ಓದುವ ಮೋಹನ, ಆ ಮನೆಗೆ ಗಂಡುಮಗು ಹುಟ್ಟಿ ಆಸ್ತಿ ಅವಳ ಕೈತಪ್ಪುತ್ತದೆಂದು ತಿಳಿದೊಡನೆ ದೂರ ಸರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಆರೈಕೆ ಮಾಡುವವಳು ಇಂದಿರೆಯೇ. ಅವನ ಮನಸ್ಸು ತಿರುಗುತ್ತದೆ, ಮದುವೆಯ ಮಾತು ಅವನ ಬಾಯಿಂದಲೇ ಬರುತ್ತದೆ. ಪ್ರೇಕ್ಷಕರು ಕಾದಿದ್ದ ಗಳಿಗೆ ಒದಗಿಬಂದಾಗ ಇಂದಿರೆ ಒಲ್ಲೆನೆನ್ನುತ್ತಾಳೆ. ಅಡ್ಡಿಯೆಲ್ಲ ನಿವಾರಣೆಯಾದ ಮೇಲೂ ಕೂಡಲು ನಿರಾಕರಿಸುವ, ತನ್ನ ಪ್ರೀತಿಗಿಂತ ಘನತೆಯನ್ನು ದೊಡ್ಡದೆಂದು ಬಗೆಯುವ ಈ ನಾಯಕಿಯನ್ನು ಕಲ್ಪನಾ ಅಭಿನಯಿಸಿದ ರೀತಿ ಇಂದಿಗೂ ಹಳತಾಗಿಲ್ಲ.

ವಾಣಿಯವರ ಕಾದಂಬರಿಯಿಂದ ಬಂದ, ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ 'ಎರಡು ಕನಸು' (1974) ಪ್ರಶ್ನೆಯನ್ನು ದಾಂಪತ್ಯದೊಳಕ್ಕೆ ಒಯ್ಯುತ್ತದೆ: ಪ್ರೀತಿಸಿದವಳು ಸಿಗದೆ ಮನೆಯವರಿಗಾಗಿ ಮತ್ತೊಬ್ಬಳನ್ನು ಕೈಹಿಡಿದವನು, ತನ್ನ ಹಳೆಯ ಕನಸಿಗೆ ಹೆಂಡತಿಯನ್ನು ಬಲಿಗೊಡುವುದು ನ್ಯಾಯವೇ? ಉಷಾ ನವರತ್ನರಾಂ ಅವರ ಕಾದಂಬರಿಯನ್ನು ರಾಜೇಂದ್ರಸಿಂಗ್ ಬಾಬು ತೆರೆಗೆ ತಂದ 'ಬಂಧನ'ದಲ್ಲಿ (1984) ಅಡ್ಡಿ ಹೊರಗೆಲ್ಲೂ ಇಲ್ಲ. ಕಿರಿಯ ವೈದ್ಯೆ ನಂದಿನಿಯ ಸಲುಗೆಯನ್ನು ಪ್ರೇಮವೆಂದು ತಿಳಿದ ಡಾಕ್ಟರ್ ಹರೀಶನ ಸಂಕಟಕ್ಕೆ ಯಾರೂ ಹೊಣೆಯಲ್ಲದಿರುವುದರಿಂದಲೇ ಅದು ತೀವ್ರವಾಗುತ್ತದೆ. ವಿಷ್ಣುವರ್ಧನ್ ಅವರ ಅಭಿನಯಜೀವನದ ಉತ್ತಮ ಪಾತ್ರಗಳಲ್ಲಿ ಹರೀಶನದೂ ಒಂದು.

ಈ ಚಿತ್ರಗಳ ಸಂಪ್ರದಾಯಗಳಲ್ಲಿ ಹಾಡಿನದು ಪ್ರಧಾನ ಪಾತ್ರ. ಸಂಭಾಷಣೆಯಲ್ಲಿ ಹೇಳಿದರೆ ಕೃತಕವೆನಿಸಬಹುದಾದ ಭಾವನೆ ಹಾಡಿನಲ್ಲಿ ಸಹಜವಾಗುತ್ತದೆ. ವಾರಗಳೋ ತಿಂಗಳುಗಳೋ ಹಿಡಿಯುವ ಒಡನಾಟವನ್ನು ನಾಲ್ಕೈದು ನಿಮಿಷಗಳಲ್ಲಿ ನಂಬಿಸುವ ಶಕ್ತಿಯೂ ಅದಕ್ಕಿದೆ. ಬೇಂದ್ರೆಯವರ ಕವಿತೆಯನ್ನು ಬಳಸಿಕೊಂಡ 'ಬೆಳ್ಳಿಮೋಡ'ದಿಂದ ಜಯಂತ ಕಾಯ್ಕಿಣಿಯವರ ಗೀತೆಗಳವರೆಗೆ ಕನ್ನಡ ಭಾವಗೀತೆಗೂ ಈ ಪ್ರಕಾರಕ್ಕೂ ಗಾಢ ನಂಟಿರುವುದು ಆಕಸ್ಮಿಕವಲ್ಲ. 1987ರ 'ಪ್ರೇಮಲೋಕ'ದಲ್ಲಂತೂ ಹಂಸಲೇಖ ಅವರ ಹಾಡುಗಳೇ ಕಥೆಯನ್ನು ಮುನ್ನಡೆಸುತ್ತವೆ. ಮಧ್ಯಂತರ ಮತ್ತೊಂದು ರಚನಾಸೂತ್ರ: ಮೊದಲರ್ಧ ಪ್ರೀತಿ ಚಿಗುರುವುದಕ್ಕೆ, ಎರಡನೆಯದು ಅದರ ಪರೀಕ್ಷೆಗೆ ಮೀಸಲು. ಮಳೆ, ಮಲೆನಾಡು, ಕೊಡಗುಗಳ ಬಳಕೆಯನ್ನು ಕೇವಲ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ರಸಸಿದ್ಧಾಂತದಲ್ಲಿ ಭಾವವನ್ನು ಪ್ರಚೋದಿಸುವ ಪರಿಸರವನ್ನು ಉದ್ದೀಪನ ವಿಭಾವ ಎನ್ನುತ್ತಾರೆ, ಮಳೆ ಇಲ್ಲಿ ಆ ಕೆಲಸವನ್ನೇ ಮಾಡುತ್ತದೆ.

2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ, ಯೋಗರಾಜ್ ಭಟ್ ನಿರ್ದೇಶನದ 'ಮುಂಗಾರು ಮಳೆ' ಈ ಎಲ್ಲ ಸಂಪ್ರದಾಯಗಳನ್ನು ಒಟ್ಟುಗೂಡಿಸಿ, ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಮೀರಿ ಪ್ರದರ್ಶನ ಕಂಡಿತು. ಗಣೇಶ್ ಅಭಿನಯಿಸಿದ ಪ್ರೀತಮ್ ಚಿತ್ರದುದ್ದಕ್ಕೂ ಹರಟುತ್ತಲೇ ಇರುತ್ತಾನೆ. ಹೇಳಲೇಬೇಕಾದ ಒಂದು ಮಾತನ್ನು ಮಾತ್ರ ಕೊನೆಗೆ ನುಂಗಿಕೊಳ್ಳುತ್ತಾನೆ. ಪ್ರೇಕ್ಷಕರಿಗೆ ತಿಳಿದಿರುವ ಸತ್ಯ, ಅವನು ಪ್ರೀತಿಸಿದ ನಂದಿನಿಯ ಮದುವೆಮನೆಯಲ್ಲಿ ಉಳಿದವರಿಗೆ ತಿಳಿಯದಿರುವುದರಿಂದ ಹುಟ್ಟುವ ತಳಮಳವೇ ಚಿತ್ರದ ಗೆಲುವಿನ ಗುಟ್ಟು. ಆದರೂ ಒಂದು ಆಕ್ಷೇಪಣೆಯನ್ನು ಎತ್ತಲೇಬೇಕು. ನಂದಿನಿಯ ಬದುಕಿನ ತೀರ್ಮಾನ ಅವಳ ತಂದೆಯ ಮನಸ್ಸನ್ನು ನೋಯಿಸಬಾರದೆಂಬ ಪ್ರೀತಮನ ಯೋಚನೆಯಲ್ಲಿ ನಡೆದುಹೋಗುತ್ತದೆ. ತ್ಯಾಗದ ಹೆಮ್ಮೆಯೆಲ್ಲ ನಾಯಕನಿಗೆ ಸಲ್ಲುತ್ತದೆ, ಅದರ ಫಲವನ್ನು ಉಣ್ಣಬೇಕಾದ ನಾಯಕಿಯ ಅಭಿಪ್ರಾಯ ಹಿಂದೆ ಸರಿಯುತ್ತದೆ. ಒಲ್ಲೆನೆಂದವಳನ್ನು ಬಿಡದೆ ಹಿಂಬಾಲಿಸುವುದನ್ನೇ ನಿಷ್ಠೆಯೆಂದು ಬಿಂಬಿಸುವ ಜನಪ್ರಿಯ ಪ್ರೇಮಕಥೆಗಳ ದೋಷ ಇದಕ್ಕಿಂತ ಗುರುತರವಾದುದು. ಮೋಹ ವಿಕೃತವಾದರೆ ಏನಾಗುತ್ತದೆಂಬುದನ್ನು ದಿನೇಶ್ ಬಾಬು ಅವರ 'ಅಮೃತವರ್ಷಿಣಿ' (1997) ನಿರ್ದಾಕ್ಷಿಣ್ಯವಾಗಿ ತೋರಿಸಿತ್ತಾದರೂ, ಆ ಹಾದಿಯಲ್ಲಿ ನಡೆದ ಚಿತ್ರಗಳು ಕಡಿಮೆ.

ಹೇಮಂತ್ ರಾವ್ ಅವರು 2023ರ ಸೆಪ್ಟೆಂಬರ್ ಮತ್ತು ನವೆಂಬರ್‌ಗಳಲ್ಲಿ ಎರಡು ಭಾಗಗಳಾಗಿ ಬಿಡುಗಡೆ ಮಾಡಿದ 'ಸಪ್ತ ಸಾಗರದಾಚೆ ಎಲ್ಲೋ' ಅಡ್ಡಿಯ ಸ್ವರೂಪವನ್ನೇ ಬದಲಿಸಿತು. ಶ್ರೀಮಂತರ ಮನೆಯ ಕಾರು ಚಾಲಕ ಮನು, ಪ್ರೇಯಸಿ ಪ್ರಿಯಾಳೊಡನೆ ಸ್ವಂತ ಮನೆ ಕಟ್ಟಿಕೊಳ್ಳುವ ಆಸೆಗೆ, ಹಣಕ್ಕಾಗಿ ಮತ್ತೊಬ್ಬನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲು ಸೇರುತ್ತಾನೆ. ಜಾತಿ, ಹಿರಿಯರು, ತಪ್ಪು ತಿಳಿವಳಿಕೆಗಳ ಜಾಗದಲ್ಲಿ ಇಲ್ಲಿ ಹಣವೂ ನ್ಯಾಯವ್ಯವಸ್ಥೆಯೂ ನಿಂತಿವೆ. ಅಡ್ಡಿ ಇಷ್ಟು ಸಮಕಾಲೀನವಾಗಿರುವುದರಿಂದ ಮೊದಲ ಭಾಗದ ವಿರಹ ನಂಬಿಕೆ ಹುಟ್ಟಿಸುತ್ತದೆ. ಎರಡನೆಯ ಭಾಗದಲ್ಲಿ ಮನುವಿನ ಹಂಬಲಕ್ಕೆ ದೊರೆತಷ್ಟು ಅವಕಾಶ ಪ್ರಿಯಾಳ ಆಯ್ಕೆಗೆ ದೊರೆಯುವುದಿಲ್ಲ. ಆ ಮಟ್ಟಿಗೆ, ನಾಯಕಿಯ ನಿರ್ಧಾರವನ್ನೇ ಕಥೆಯ ಶಿಖರವಾಗಿಸಿದ 'ಬೆಳ್ಳಿಮೋಡ' ಕನ್ನಡದ ಪ್ರಣಯ ಕಥಾಚಿತ್ರಗಳಲ್ಲಿ ಇಂದಿಗೂ ಮೇಲ್ಪಂಕ್ತಿಯದು.