ಅಳತೆಗೋಲು ಯಾರ ಮಕ್ಕಳದು?

ಯಶವಂತಪುರದ ಬದಿಯ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಅಲ್ಲಿಯ ಮಿದುಳು ಸಂಶೋಧನಾ ಕೇಂದ್ರವು ವಯಸ್ಸಾದವರ ಮರೆವಿನ ಕುರಿತು 2018ರಲ್ಲಿ ದೊಡ್ಡದೊಂದು ಅಧ್ಯಯನ ಆರಂಭಿಸಿತು. ಅದಕ್ಕೆ ಜನರನ್ನು ಆರಿಸಿದ್ದು ಅಕ್ಕಪಕ್ಕದ ಬಡಾವಣೆಗಳಿಂದಲ್ಲ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಿಂದ. 45 ವರ್ಷ ದಾಟಿದ ಸುಮಾರು 10,000 ಮಂದಿಯನ್ನು ಸೇರಿಸಿಕೊಳ್ಳುವುದು ಗುರಿ. ಬಾಗಿಲಲ್ಲೇ ಜನರಿರುವಾಗ ಅಷ್ಟು ದೂರವೇಕೆ? ಇದಕ್ಕೆ ಉತ್ತರ ಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಪ್ಯಾರಿಸಿನ ಬಿನೆ 1905ರಲ್ಲಿ ರೂಪಿಸಿದ ಬುದ್ಧಿ ಪರೀಕ್ಷೆಯನ್ನು ಅಮೆರಿಕದ ಟರ್ಮನ್ 1916ರಲ್ಲಿ ಪರಿಷ್ಕರಿಸಿದರು. ಅದಕ್ಕೆ ಅವರು ಆರಿಸಿಕೊಂಡ ಮಕ್ಕಳು ಸುಮಾರು 1,000, ಬಹುಪಾಲು ಕ್ಯಾಲಿಫೋರ್ನಿಯಾದವರು. ಸಾಧಾರಣ ಸ್ಥಿತಿಯ ಜನರಿರುವ ಊರಿನ ಶಾಲೆಯಾಗಬೇಕು, ಹುಟ್ಟುಹಬ್ಬಕ್ಕೆ ಎರಡು ತಿಂಗಳ ಆಚೀಚೆಯ ಮಕ್ಕಳಾಗಬೇಕು, ಪರದೇಶದಲ್ಲಿ ಹುಟ್ಟಿದವರ ಲೆಕ್ಕ ಬೇಡ. ಆಯ್ಕೆಯೇನೋ ಬಹಳ ಜಾಗರೂಕತೆಯದೇ. ಆದರೆ ‘ಎಂಟು ವರ್ಷದ ಬುದ್ಧಿ’ ಎಂದರೆ ಆ ಮಕ್ಕಳ ಬುದ್ಧಿ ಎಂದಾಯಿತು.

ಅದೇ ಕೋಲಿನಿಂದ ನಮ್ಮ ಮಕ್ಕಳನ್ನು ಅಳೆಯುವುದು ಹೇಗೆ? ವಿ. ವಿ. ಕಾಮತರು ಅಂದಿನ ಮುಂಬಯಿ ಪ್ರಾಂತ್ಯದ ಧಾರವಾಡದಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಕನ್ನಡ ಮತ್ತು ಮರಾಠಿಯಲ್ಲಿ ಪ್ರಶ್ನೆ ಕೇಳಿ, ಯಾವ ವಯಸ್ಸಿಗೆ ಯಾವ ಪ್ರಶ್ನೆ ಎಂಬುದನ್ನು ಹೊಸದಾಗಿ ಗೊತ್ತುಮಾಡಿದರು. ಬರಿಯ ಅನುವಾದವಾಗಿದ್ದರೆ ಇಷ್ಟು ಶ್ರಮ ಬೇಕಿರಲಿಲ್ಲ. ಅವರ ಪುಸ್ತಕ 1940ರಲ್ಲಿ ಪ್ರಕಟವಾಯಿತು. ‘ಬಿನೆ-ಕಾಮತ್’ ಪರೀಕ್ಷೆ ದೇಶದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಡೆದುಬಂತು. ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಅದನ್ನು ಬಳಸಿದರು.

ತೊಡಕು ಇಲ್ಲಿಯೇ. ಧಾರವಾಡದ ಆ ಮಕ್ಕಳು ಮುದುಕರಾದ ಮೇಲೂ ಅವರ ಅಳತೆ ಉಳಿಯಿತು. ರೇಡಿಯೋ ಅಪರೂಪವಾಗಿದ್ದ ಕಾಲದ ಮಕ್ಕಳ ಕೋಲಿನಿಂದ ಟಿವಿ ಕಾಲದ ಹೆಬ್ಬಾಳದ ಮಗುವನ್ನೂ ಅಳೆದದ್ದುಂಟು. ಒಂದೆರಡು ಅಂಕದ ವ್ಯತ್ಯಾಸದಲ್ಲಿ ‘ಮಂದಬುದ್ಧಿ’ ಎಂಬ ಹಣೆಪಟ್ಟಿ ಬೀಳುವುದೋ ತಪ್ಪುವುದೋ ಆಗುವಾಗ, ಇದು ಪಂಡಿತರ ಚರ್ಚೆ ಮಾತ್ರವಲ್ಲ. ಇದಕ್ಕೆ ಕಾಮತರನ್ನು ದೂರುವುದು ನ್ಯಾಯವಲ್ಲ. ಕೆಲಸವನ್ನು ಆಗಾಗ ಹೊಸದು ಮಾಡಬೇಕಾದವರು ಅನಂತರದವರು.

ಶ್ರೀನಿವಾಸಪುರದ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗೂ ಮನೆಮಾತು. ಹಿರಿಯರಲ್ಲಿ ಶಾಲೆ ಕಾಣದವರೂ ಇದ್ದಾರೆ. ‘ಓದಿ ನೆನಪಿಡಿ’ ಎಂಬ ಪರೀಕ್ಷೆಯಲ್ಲಿ ಅಕ್ಷರ ಬಾರದ ಅಜ್ಜಿ ಸೋತರೆ ಅದು ಮರೆವಲ್ಲ. ಬೆಂಗಳೂರಿನ ನಿವೃತ್ತ ಅಧಿಕಾರಿಯ ಅಂಕವನ್ನು ಆಕೆಯ ಮುಂದಿಡುವಂತಿಲ್ಲ. ನಗರದವರಿಗೆಂದು ಅದೇ ಕೇಂದ್ರದಲ್ಲಿ ಬೇರೊಂದು ಅಧ್ಯಯನವಿದೆ. ಇನ್ನು ಒಪ್ಪಿಗೆಯ ವಿಷಯ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಓದಲು ಬಾರದವರು ಹೆಬ್ಬೆಟ್ಟು ಒತ್ತುವ ಮುನ್ನ ಎಲ್ಲವನ್ನೂ ಅವರ ಭಾಷೆಯಲ್ಲಿ ವಿವರಿಸಬೇಕು, ಪಕ್ಕದಲ್ಲಿ ಸಂಶೋಧಕರ ಕಡೆಯವರಲ್ಲದ ಸಾಕ್ಷಿಯೊಬ್ಬರು ಇರಬೇಕು. ಬೇಡವೆನಿಸಿದರೆ ಆಕೆ ನಡುವೆಯೇ ಎದ್ದುಹೋಗಬಹುದು.