ಲೆಕ್ಕ ಕೇಳಲು ಕಲಿಸುವ ಗ್ರಂಥಾಲಯ

ತ್ಯಾಗರಾಜನಗರದಿಂದ ಬುಲ್ ಟೆಂಪಲ್ ರಸ್ತೆಯ ಕಡೆಗೆ ನಡೆದರೆ ನರಸಿಂಹರಾಜ ಕಾಲೋನಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸಿಗುತ್ತದೆ. ಅಲ್ಲಿನ ಉಪನ್ಯಾಸಗಳ ಹೆಸರು ಕೇಳಿದವರು ಬಹಳ. ಒಳಗೊಂದು ಗ್ರಂಥಾಲಯವೂ ಇದೆ ಎಂಬುದನ್ನು ಬಲ್ಲವರು ಕಡಿಮೆ.

ಈ ಸಂಸ್ಥೆಯನ್ನು ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದರು. ಸ್ವಾತಂತ್ರ್ಯಕ್ಕೆ ಇನ್ನೂ ಎರಡು ವರ್ಷಗಳಿದ್ದವು. ಪ್ರಜೆಗೆ ಅಧಿಕಾರ ಬಂದರೆ ಸಾಲದು, ಅದನ್ನು ಬಳಸುವ ತಿಳಿವಳಿಕೆಯೂ ಬರಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಸಾರ್ವಜನಿಕ ವಿಚಾರ ಚರ್ಚಿಸುವ ಮನೆಯಲ್ಲಿ ಪುಸ್ತಕಗಳೂ ಬೇಕಾದದ್ದು ಅದಕ್ಕಾಗಿಯೇ.

ಸಂಸ್ಥೆಗೆ ಗೋಪಾಲಕೃಷ್ಣ ಗೋಖಲೆಯವರ ಹೆಸರನ್ನು ಏಕೆ ಇಟ್ಟರು? 1902ರ ಒಂದು ಪ್ರಸಂಗವನ್ನು ನೋಡಿ. ಸರ್ಕಾರದ ಬೊಕ್ಕಸದಲ್ಲಿ ಹಣ ಮಿಕ್ಕಿದೆ, ಆದ್ದರಿಂದ ದೇಶ ಸುಭಿಕ್ಷವಾಗಿದೆ ಎಂದು ಬ್ರಿಟಿಷ್ ಅಧಿಕಾರಿಗಳು ಹೇಳುತ್ತಿದ್ದ ಕಾಲವದು. ಗೋಖಲೆಯವರು ಕೇಂದ್ರ ಶಾಸನ ಸಭೆಯಲ್ಲಿ ಎದ್ದುನಿಂತು, ಸರ್ಕಾರದ್ದೇ ಅಂಕಿ ಅಂಶಗಳನ್ನು ಮುಂದಿಟ್ಟರು. ಮಿಕ್ಕ ಹಣ ಜನರ ಸಮೃದ್ಧಿಯ ಗುರುತಲ್ಲ, ಅತಿಯಾದ ತೆರಿಗೆಯ ಗುರುತು ಎಂದು ವಾದಿಸಿದರು. ಉಪ್ಪಿನ ತೆರಿಗೆ ಇಳಿಸಬೇಕೆಂದು ಕೇಳಿದರು. ಮರುವರ್ಷ, 1903ರಲ್ಲಿ, ಆ ತೆರಿಗೆ ಇಳಿಯಿತು. ಅವರ ಆಯುಧ ವರದಿಗಳ ಓದು, ಕೂಗಾಟವಲ್ಲ.

ಸ್ವತಃ ಡಿ.ವಿ.ಜಿ.ಯವರ ಶಾಲಾ ಓದು ಮೆಟ್ರಿಕ್ಯುಲೇಷನ್ ಮಟ್ಟವನ್ನು ದಾಟಲಿಲ್ಲ. ಉಳಿದದ್ದನ್ನೆಲ್ಲ ಅವರು ಪುಸ್ತಕಗಳಿಂದ, ವಿದ್ವಾಂಸರ ಸಹವಾಸದಿಂದ ಸಂಪಾದಿಸಿದರು. 1970ರಲ್ಲಿ ತಮಗೆ ಸನ್ಮಾನದಲ್ಲಿ ಅರ್ಪಿಸಿದ ನಿಧಿಯನ್ನು ಅವರು ಈ ಸಂಸ್ಥೆಗೇ ಕೊಟ್ಟರು.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಅಳೆಯದೆ ಅಂಕಿ ಬರೆಯಬಾರದೆಂದು ಪ್ರಯೋಗಾಲಯ ಕಲಿಸಿತ್ತು. ಆದರೂ ಒಮ್ಮೆ ಕಾರ್ಯಕ್ರಮವೊಂದರ ಬರಹದಲ್ಲಿ, ಯಾರೋ ಹೇಳಿದ ಇಸವಿಯನ್ನು ಹಾಗೆಯೇ ಸೇರಿಸಿದ್ದೆ. ಧ್ವನಿಮುದ್ರಣದ ಹಿಂದಿನ ದಿನ ಗ್ರಂಥಾಲಯದಲ್ಲಿ ಮೂಲ ಪುಸ್ತಕ ತೆರೆದಾಗ ಅದು ತಪ್ಪೆಂದು ತಿಳಿಯಿತು. ಸಾವಿರಾರು ಮನೆಗಳಿಗೆ ಹೋಗಬೇಕಿದ್ದ ತಪ್ಪು ಒಂದು ಗಂಟೆಯ ಓದಿನಿಂದ ಅಲ್ಲಿಯೇ ನಿಂತಿತು.

ಗ್ರಂಥಾಲಯವನ್ನು ಬಳಸುವುದೂ ಒಂದು ವಿದ್ಯೆ. ಡ್ಯೂಯಿ ದಶಮಾಂಶ ಪದ್ಧತಿ ಇರುವ ಕಡೆ 530 ಎಂದರೆ ಭೌತಶಾಸ್ತ್ರ, 954 ಎಂದರೆ ಭಾರತದ ಇತಿಹಾಸ. ಬೇಕಾದ ಪುಸ್ತಕ ಸಿಕ್ಕ ಮೇಲೆ ಅದರ ಅಕ್ಕಪಕ್ಕದ ಎರಡು ಪುಸ್ತಕಗಳನ್ನೂ ತೆರೆದು ನೋಡಿ. ಒಂದೇ ವಿಷಯದ ಮೇಲೆ ಭಿನ್ನಾಭಿಪ್ರಾಯ ಇರುವವರು ಅಲ್ಲಿ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ತಿಳಿಯದಿದ್ದರೆ ಗ್ರಂಥಪಾಲಕರನ್ನು ಸಂಕೋಚವಿಲ್ಲದೆ ಕೇಳಿ.

ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ ಎಂಬುದು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಅಂದರೆ ಬಡಾವಣೆಯ ಸರ್ಕಾರಿ ಗ್ರಂಥಾಲಯಕ್ಕೆ ನಿಮ್ಮ ಮನೆಯ ಹಣವೂ ಸೇರಿರುತ್ತದೆ.

ಈ ವಾರ ನೀವು ಕೇಳಿದ ಒಂದು ಸುದ್ದಿಯನ್ನು ಆರಿಸಿಕೊಳ್ಳಿ. ಅದರಲ್ಲಿರುವ ಒಂದು ಅಂಕಿಯ ಮೂಲವನ್ನು ಗ್ರಂಥಾಲಯದಲ್ಲಿ ಹುಡುಕಿ. ಅಂಕಿ ಸರಿಯಿರಬಹುದು, ತಪ್ಪಿರಬಹುದು. ಅದನ್ನು ನೀವೇ ಕಂಡುಕೊಂಡ ದಿನ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗೋಖಲೆಯವರು ಮಾಡಿದ ಕೆಲಸದ ಮೊದಲ ಪಾಠ ನಿಮಗೆ ಬಂದಂತೆ.