ಭಾರತದ ಅರಸನಿರುವ ಗ್ರೀಕ್ ಪ್ರಹಸನ

ಈಜಿಪ್ಟಿನ ಆಕ್ಸಿರಿಂಕಸ್‌ನ ಪುರಾತನ ತಿಪ್ಪೆಗಳಲ್ಲಿ ಬ್ರಿಟಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಪಪೈರಸ್ 413ರ ಪ್ರತಿಕೃತಿ. ಕಾಲ ಕ್ರಿ.ಶ. 2ನೆಯ ಶತಮಾನ. ಮೂಲ ಆಕ್ಸ್‌ಫರ್ಡ್‌ನಲ್ಲಿದೆ.

ಇದರಲ್ಲಿರುವ ಪ್ರಹಸನದಲ್ಲಿ, ಭಾರತದ ಕರಾವಳಿಯ ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾದ ಗ್ರೀಕ್ ಯುವತಿ ಖಾರಿಟಿಯಾನ್‌ಳನ್ನು ಬಿಡಿಸಲು ಸೋದರ ಬರುತ್ತಾನೆ. ಅಲ್ಲಿನ ಅರಸನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಪಾರಾಗುವ ಉಪಾಯ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಸೈಕ್ಲಾಪ್ಸ್’ನಲ್ಲೂ ಇದೆ, ಪೂರ್ತಿಯಾಗಿ ಉಳಿದುಬಂದ ಏಕೈಕ ಸ್ಯಾಟಿರ್ ನಾಟಕ ಅದು. ಅಲ್ಲಿ ನಗಿಸುವವರು ಕುದುರೆಬಾಲದ, ಮದ್ಯಪ್ರಿಯ ಸ್ಯಾಟಿರ್‌ಗಳು. ಇಲ್ಲಿ ಒಬ್ಬ ವಿದೂಷಕ. ಅವನ ಆಯುಧ, ಸಂಕೋಚವಿಲ್ಲದೆ ಹೇಳುವುದಾದರೆ, ಹೂಸು.

ಅರಸನ ಮಾತುಗಳ ಲಿಪಿ ಗ್ರೀಕ್, ಭಾಷೆ ಬೇರೆ. 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಅವುಗಳಲ್ಲಿ ಕನ್ನಡವಿದೆ ಎಂದು ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಈ ಪ್ರಹಸನದ ಬಗ್ಗೆ ಬರೆದರು.

ಸಂಭಾಷಣೆಗಳ ನಡುವೆ ಬಿಡಿಯಾಗಿ ನಿಂತ ಗ್ರೀಕ್ ‘ಟೌ’ (τ) ಅಕ್ಷರವನ್ನು ಹುಡುಕಿ: ಅಲ್ಲಿ ತಮಟೆ ಬಾರಿಸಬೇಕೆಂದು ಸೂಚನೆ.